ಈ ಸಲ ಲೀಗ್ ನಮ್ದಾ? ಹರ್ಬರ್ಟ್ ಚಾಪ್‌ಮನ್ ಕಥೆ

ಏಪ್ರಿಲ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎರಡು ಲೆಕ್ಕ ಶುರುವಾಗುತ್ತೆ. ಒಂದು, ಇಂಟರ್ನಲ್ಸ್‌ನಲ್ಲಿ ಇಷ್ಟು ಬಂದಿದೆ, ಪಾಸಾಗೋಕೆ ಇನ್ನೆಷ್ಟು ಬೇಕು ಅನ್ನೋದು. ಇನ್ನೊಂದು, ನಮ್ಮ ಟೀಮ್‌ಗೆ ಐದು ಮ್ಯಾಚ್ ಉಳಿದಿದೆ, ಅವರಿಗೆ ಆರು, ಅವರು ಎಲ್ಲಿ ಎಡವಿದರೆ ಲೀಗ್ ನಮ್ದು ಅನ್ನೋದು. ಎರಡನೇ ಲೆಕ್ಕಕ್ಕೆ ನಾವು ಕೊಡುವಷ್ಟು ಶ್ರದ್ಧೆ ಮೊದಲನೆಯದಕ್ಕೆ ಕೊಟ್ಟಿದ್ದರೆ ಎಷ್ಟೋ ಬ್ಯಾಕ್‌ಲಾಗ್‌ಗಳು ಕ್ಲಿಯರ್ ಆಗಿರುತ್ತಿದ್ದವು. ಇರಲಿ.

ಈ ಚರ್ಚೆಯಲ್ಲಿ ಎಲ್ಲರಿಗಿಂತ ಹೆಚ್ಚು ಒದ್ದಾಡುವವರು ಆರ್ಸೆನಲ್ ಫ್ಯಾನ್‌ಗಳು. 2003-04ರಲ್ಲಿ ಒಂದೂ ಲೀಗ್ ಮ್ಯಾಚ್ ಸೋಲದೆ ಚಾಂಪಿಯನ್ ಆದ ಕ್ಲಬ್ ಅದು. ಅದೇ ಕ್ಲಬ್ 2022-23, 2023-24, 2024-25, ಸತತ ಮೂರು ಸೀಸನ್ ಎರಡನೇ ಸ್ಥಾನಕ್ಕೆ ನಿಂತಿತು. ಮ್ಯಾನೇಜರ್‌ಗೆ ಟೈಮ್ ಕೊಡಿ, ಕಟ್ಟುತ್ತಿದ್ದಾರೆ ಅಂತ ಒಂದು ಗುಂಪು. ಎಷ್ಟು ವರ್ಷ ಕಟ್ಟೋದು ಮಾರಾಯ ಅಂತ ಇನ್ನೊಂದು ಗುಂಪು. ಹದಿನೆಂಟನೇ ಸೀಸನ್‌ವರೆಗೆ ಆರ್‌ಸಿಬಿಗಾಗಿ ಕಾದ ನಮಗೆ ಈ ಜಗಳ ಹೊಸದೇನಲ್ಲ.

ಆದರೆ ಈ ಜಗಳ ಆರ್ಸೆನಲ್‌ನಲ್ಲಿ ಸುಮಾರು ನೂರು ವರ್ಷದಷ್ಟು ಹಳೆಯದು ಅಂತ ಎಷ್ಟು ಜನರಿಗೆ ಗೊತ್ತು? ಟೈಮ್ ಕೊಡಿ ಅಂತ ಮೊದಲು ಕೇಳಿದ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್. ಇನ್ನೊಂದು ವಿಷಯ, ಅವರು ಓದಿದ್ದು ಇಂಜಿನಿಯರಿಂಗ್. ಮೈನಿಂಗ್ ಬ್ರಾಂಚ್.

ಚಾಪ್‌ಮನ್ ಹುಟ್ಟಿದ್ದು 1878ರ ಜನವರಿ 19ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಶೆಫೀಲ್ಡ್ ಹತ್ತಿರದ ಕಿವೆಟನ್ ಪಾರ್ಕ್ ಎಂಬ ಗಣಿ ಊರಿನಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕಾರ್ಮಿಕ, ಓದು ಬರಹ ಬಾರದವರು. ಅಂಥ ಮನೆಯ ಹುಡುಗ ಶೆಫೀಲ್ಡ್‌ನ ಟೆಕ್ನಿಕಲ್ ಕಾಲೇಜಿಗೆ ಹೋಗಿ ಗಣಿ ಇಂಜಿನಿಯರಿಂಗ್ ಕಲಿತದ್ದೇ ದೊಡ್ಡ ಜಿಗಿತ. ಜೊತೆಗೆ ಫುಟ್‌ಬಾಲ್. ಆಟಗಾರನಾಗಿ ಅವರು ಸಾಧಾರಣ. ತಮ್ಮ ಹ್ಯಾರಿ ಶೆಫೀಲ್ಡ್ ವೆಡ್ನೆಸ್‌ಡೇ ಪರ ಆಡಿ 1903 ಮತ್ತು 1904ರಲ್ಲಿ ಲೀಗ್ ಗೆದ್ದರೆ, ಹರ್ಬರ್ಟ್ ಮಾತ್ರ ಸ್ವಿಂಡನ್, ಗ್ರಿಮ್ಸ್‌ಬಿ, ನಾರ್ಥಾಂಪ್ಟನ್, ನಾಟ್ಸ್ ಕೌಂಟಿ ಅಂತ ಕ್ಲಬ್‌ನಿಂದ ಕ್ಲಬ್‌ಗೆ ಅಲೆದರು. ಎಷ್ಟೋ ಕಡೆ ಸಂಬಳವಿಲ್ಲದ ಅಮೆಚೂರ್ ಆಟಗಾರ. ಕೊನೆಗೆ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿದ್ದಾಗ ಜನ ನೆನಪಿಟ್ಟುಕೊಂಡದ್ದು ಅವರ ಗೋಲ್‌ಗಳಿಗಿಂತ ಹೆಚ್ಚಾಗಿ ಅವರ ಹಳದಿ ಬೂಟುಗಳನ್ನು. ಹೌದು, ಆರ್ಸೆನಲ್‌ನ ದೊಡ್ಡ ಹೆಸರು ಮೊದಲು ಸ್ಪರ್ಸ್‌ನಲ್ಲಿ ಆಡಿದವರು. ಡರ್ಬಿ ದಿನ ಯಾರಿಗಾದರೂ ಹೇಳಿ ನೋಡಿ.

1907ರಲ್ಲಿ ಆಟ ಬಿಟ್ಟು ಇಂಜಿನಿಯರಿಂಗ್ ಕೆಲಸಕ್ಕೆ ವಾಪಸಾಗುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ನಾರ್ಥಾಂಪ್ಟನ್ ಟೌನ್ ಕ್ಲಬ್ ತಮ್ಮ ಜೊತೆ ಆಡುತ್ತಿದ್ದ ವಾಲ್ಟರ್ ಬುಲ್‌ಗೆ ಮ್ಯಾನೇಜರ್ ಕೆಲಸ ಕೊಟ್ಟಿತ್ತು. ಬುಲ್ ಮನಸ್ಸು ಬದಲಿಸಿ ಚಾಪ್‌ಮನ್ ಹೆಸರು ಸೂಚಿಸಿದರು. ಸದರ್ನ್ ಲೀಗ್‌ನಲ್ಲಿ ಎರಡು ವರ್ಷ ಸತತ ಕೊನೇ ಸ್ಥಾನದಲ್ಲಿದ್ದ ಕ್ಲಬ್ ಅದು. ಆ ಕಾಲದ ಟೀಮ್‌ಗಳಿಗೆ ಪ್ಲ್ಯಾನ್ ಅನ್ನೋದು ಕಡಿಮೆ. ಹನ್ನೊಂದು ಜನ ಇಳಿಯೋದು, ಬಾಲ್ ಹಿಂದೆ ಓಡೋದು. ಚಾಪ್‌ಮನ್ ಗಮನಿಸಿದ್ದು ಒಂದು ಸಣ್ಣ ವಿಷಯ. ಎಲ್ಲರೂ ಮುಂದೆ ನುಗ್ಗಿದರೆ ಎದುರಾಳಿಗಳೆಲ್ಲ ಗೋಲ್ ಮುಂದೆ ಗುಂಪಾಗುತ್ತಾರೆ, ಜಾಗವೇ ಇರಲ್ಲ. ನಾವು ಸ್ವಲ್ಪ ಹಿಂದೆ ಸರಿದರೆ ಅವರು ಹೊರಗೆ ಬರುತ್ತಾರೆ, ಆಗ ಅವರ ಬೆನ್ನ ಹಿಂದೆ ಜಾಗ ಸಿಗುತ್ತೆ. ಇವತ್ತು ಕೌಂಟರ್ ಅಟ್ಯಾಕ್ ಅಂತೀವಲ್ಲ, ಅದೇ. 1908-09ರಲ್ಲಿ ನಾರ್ಥಾಂಪ್ಟನ್ ಸದರ್ನ್ ಲೀಗ್ ಚಾಂಪಿಯನ್. ಕೊನೇ ಸ್ಥಾನದಿಂದ ಮೊದಲ ಸ್ಥಾನಕ್ಕೆ ಎರಡೇ ಸೀಸನ್.

1912ರಲ್ಲಿ ಎರಡನೇ ಡಿವಿಜನ್‌ನ ಲೀಡ್ಸ್ ಸಿಟಿಗೆ ಹೋದರು. ಟೀಮ್ ಮೇಲೇರುತ್ತಿದ್ದಾಗಲೇ ಮೊದಲ ಮಹಾಯುದ್ಧ ಬಂತು. ಚಾಪ್‌ಮನ್ ಲೀಡ್ಸ್ ಬಳಿಯ ಬಾರ್ನ್‌ಬೋ ಎಂಬಲ್ಲಿ ಮದ್ದುಗುಂಡು ಕಾರ್ಖಾನೆಯ ಮ್ಯಾನೇಜರ್ ಆಗಿ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಒಂದು ಆರೋಪ ಎದ್ದಿತು. ಯುದ್ಧದ ವರ್ಷಗಳಲ್ಲಿ ಲೀಡ್ಸ್ ಸಿಟಿ ಆಟಗಾರರಿಗೆ ನಿಯಮ ಮೀರಿ ದುಡ್ಡು ಕೊಟ್ಟಿದೆ ಅಂತ. ಲೆಕ್ಕದ ಪುಸ್ತಕ ತೋರಿಸಿ ಅಂದಾಗ ಕ್ಲಬ್ ತೋರಿಸಲಿಲ್ಲ. 1919ರ ಅಕ್ಟೋಬರ್‌ನಲ್ಲಿ, ಸೀಸನ್ನಿನ ನಡುವೆಯೇ, ಲೀಡ್ಸ್ ಸಿಟಿಯನ್ನು ಲೀಗ್‌ನಿಂದ ಹೊರಹಾಕಿದರು. ಆಟಗಾರರನ್ನು ಒಂದು ಹೋಟೆಲ್‌ನಲ್ಲಿ ಹರಾಜು ಹಾಕಿದರು. ಕ್ಲಬ್‌ನ ಪದಾಧಿಕಾರಿಗಳ ಜೊತೆ ಚಾಪ್‌ಮನ್‌ಗೂ ನಿಷೇಧ ಬಿತ್ತು.

ಅಷ್ಟರಲ್ಲಿ ಅವರು ಕ್ಲಬ್ ಬಿಟ್ಟು ಸೆಲ್ಬಿ ಎಂಬ ಊರಿನ ಎಣ್ಣೆ ಮತ್ತು ಕೋಕ್ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದರು. 1920ರ ಕೊನೆಗೆ ಆ ಕೆಲಸವೂ ಹೋಯಿತು. ವಯಸ್ಸು ನಲವತ್ತೆರಡು. ಕೆಲಸವಿಲ್ಲ, ಫುಟ್‌ಬಾಲ್‌ಗೆ ಕಾಲಿಡುವಂತಿಲ್ಲ. ಇಲ್ಲಿಗೇ ಕಥೆ ಮುಗಿದಿದ್ದರೆ ಇವತ್ತು ಯಾರಿಗೂ ಅವರ ಹೆಸರು ಗೊತ್ತಿರುತ್ತಿರಲಿಲ್ಲ. ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ ಅವರ ಬೆನ್ನಿಗೆ ನಿಂತಿತು. ಆ ಪಾವತಿಗಳು ನಡೆದವು ಅನ್ನುವ ಸಮಯದಲ್ಲಿ ಚಾಪ್‌ಮನ್ ಬಾರ್ನ್‌ಬೋ ಕಾರ್ಖಾನೆಯಲ್ಲಿದ್ದರು ಅನ್ನೋದು ವಾದ. ನಿಷೇಧ ತೆರವಾಯಿತು. 1921ರಲ್ಲಿ ಹಡರ್ಸ್‌ಫೀಲ್ಡ್‌ನ ಮ್ಯಾನೇಜರ್ ಆದರು. 1922ರಲ್ಲೇ ಎಫ್‌ಎ ಕಪ್ ಗೆದ್ದರು.

ಈಗ ಬರುತ್ತೆ ನೋಡಿ ನಮ್ಮ ಹಾಸ್ಟೆಲ್ ಲೆಕ್ಕ. 1924ರ ಮೇ 3, ಸೀಸನ್ನಿನ ಕೊನೇ ದಿನ. ಮೇಲೆ ವೇಲ್ಸ್‌ನ ಕಾರ್ಡಿಫ್ ಸಿಟಿ, 56 ಪಾಯಿಂಟ್. ಹಿಂದೆ ಹಡರ್ಸ್‌ಫೀಲ್ಡ್, 55. ಆಗ ಗೆದ್ದರೆ ಎರಡು ಪಾಯಿಂಟ್, ಡ್ರಾ ಆದರೆ ಒಂದು. ಪಾಯಿಂಟ್ ಸಮವಾದರೆ ಈಗಿನ ಹಾಗೆ ಗೋಲ್ ಡಿಫರೆನ್ಸ್ ನೋಡುತ್ತಿರಲಿಲ್ಲ. ಹೊಡೆದ ಗೋಲ್‌ಗಳನ್ನು ಬಿಟ್ಟುಕೊಟ್ಟ ಗೋಲ್‌ಗಳಿಂದ ಭಾಗಿಸಬೇಕು. ಅದಕ್ಕೆ ಗೋಲ್ ಆವರೇಜ್ ಅಂತ ಹೆಸರು. ಕಾರ್ಡಿಫ್ ಹೊಡೆದದ್ದು 61, ಬಿಟ್ಟದ್ದು 34. ಹಡರ್ಸ್‌ಫೀಲ್ಡ್ ಹೊಡೆದದ್ದು 57, ಬಿಟ್ಟದ್ದು 33.

ಕಾರ್ಡಿಫ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿತು. ಗೋಲಿಲ್ಲದ ಆಟದಲ್ಲಿ ಅವರಿಗೆ ಒಂದು ಪೆನಾಲ್ಟಿ ಸಿಕ್ಕಿತು. ಅದು ಗೋಲ್ ಆಗಿ, ಹಾಗೇ ಗೆದ್ದಿದ್ದರೆ ಯಾವ ಲೆಕ್ಕವೂ ಬೇಡ, ಕಾರ್ಡಿಫ್ ಚಾಂಪಿಯನ್. ಆದರೆ ಪೆನಾಲ್ಟಿ ಗೋಲಾಗಲಿಲ್ಲ. ಮ್ಯಾಚ್ 0-0. ಅತ್ತ ಹಡರ್ಸ್‌ಫೀಲ್ಡ್ ತನ್ನ ಮೈದಾನದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ 3-0 ಗೆದ್ದಿತು. ಇಬ್ಬರದ್ದೂ 57 ಪಾಯಿಂಟ್.

ಕ್ಯಾಲ್ಕ್ಯುಲೇಟರ್ ತಗೊಳ್ಳಿ. 61 ಭಾಗಿಸು 34 ಅಂದರೆ 1.794. 60 ಭಾಗಿಸು 33 ಅಂದರೆ 1.818. ವ್ಯತ್ಯಾಸ 0.024. ಹಡರ್ಸ್‌ಫೀಲ್ಡ್ ಚಾಂಪಿಯನ್! ಒಂದು ವೇಳೆ 2-0 ಗೆದ್ದಿದ್ದರೆ 59 ಭಾಗಿಸು 33, ಅಂದರೆ 1.788, ಕಾರ್ಡಿಫ್ ಚಾಂಪಿಯನ್. 3-1 ಗೆದ್ದಿದ್ದರೂ 1.765, ಆಗಲೂ ಕಾರ್ಡಿಫ್. ಇನ್ನೂ ಮಜಾ ಅಂದ್ರೆ, ಈಗಿನ ನಿಯಮದ ಪ್ರಕಾರ ನೋಡಿದರೆ ಇಬ್ಬರ ಗೋಲ್ ಡಿಫರೆನ್ಸ್ 27, ಸಮ. ಹೆಚ್ಚು ಗೋಲ್ ಹೊಡೆದವರು ಕಾರ್ಡಿಫ್. ಅಂದರೆ ಇವತ್ತಿನ ರೂಲ್ ಬುಕ್ಕಿನಲ್ಲಿ ಆ ಕಪ್ ಕಾರ್ಡಿಫ್‌ನದ್ದು. ಆ ಕ್ಲಬ್ ಇವತ್ತಿನವರೆಗೂ ಇಂಗ್ಲಿಷ್ ಲೀಗ್‌ನ ಚಾಂಪಿಯನ್ ಆಗಿಲ್ಲ. ನಮ್ಮ ಟೀಮ್ ಗೆಲ್ಲುತ್ತೆ ಅಂತ ಎದೆ ತಟ್ಟಿ ಹೇಳುವವರು ಈ 0.024 ಅನ್ನು ರೂಮ್ ಗೋಡೆ ಮೇಲೆ ಬರೆದಿಟ್ಟುಕೊಳ್ಳಬಹುದು.

ಮುಂದಿನ ಸೀಸನ್, 1924-25ರಲ್ಲೂ ಹಡರ್ಸ್‌ಫೀಲ್ಡ್‌ಗೇ ಲೀಗ್. ಅದೃಷ್ಟ ಒಂದು ಸಲ ಕೈ ಹಿಡಿಯಬಹುದು, ನಲವತ್ತೆರಡು ಮ್ಯಾಚ್‌ಗಳ ಲೀಗನ್ನು ಎರಡು ಸಲ ಗೆಲ್ಲಿಸಲ್ಲ. ಸತತ ಮೂರನೇ ಲೀಗ್ ಕಣ್ಣೆದುರೇ ಇತ್ತು. ಇಂಗ್ಲೆಂಡಿನಲ್ಲಿ ಆವರೆಗೆ ಯಾವ ಕ್ಲಬ್ಬೂ ಅದನ್ನು ಮಾಡಿರಲಿಲ್ಲ. ಆದರೆ ಚಾಪ್‌ಮನ್ ಹೊರಟುಬಿಟ್ಟರು.

ಹೋದದ್ದು ಲಂಡನ್ನಿನ ಆರ್ಸೆನಲ್‌ಗೆ. ಆಗಿನ ಆರ್ಸೆನಲ್ ಅಂದ್ರೆ ಈಗ ನೀವಂದುಕೊಳ್ಳುವ ಆರ್ಸೆನಲ್ ಅಲ್ಲ. ಒಂದೂ ದೊಡ್ಡ ಕಪ್ ಗೆಲ್ಲದ ಕ್ಲಬ್. ಹಿಂದಿನ ಸೀಸನ್ನಿನಲ್ಲಿ 22 ಟೀಮ್‌ಗಳಲ್ಲಿ 20ನೇ ಸ್ಥಾನ, ಕೆಳಗಿನ ಡಿವಿಜನ್‌ಗೆ ಬೀಳುವುದರಿಂದ ಕೂದಲೆಳೆಯಲ್ಲಿ ಪಾರು. ಕ್ಲಬ್ಬಿನ ಚೇರ್ಮನ್ ಸರ್ ಹೆನ್ರಿ ನಾರಿಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ದೊಡ್ಡ ದುಡ್ಡು ಸುರಿದು ಆಟಗಾರರನ್ನು ಕೊಳ್ಳುವ ಯೋಚನೆ ಇರುವವರು ಅರ್ಜಿ ಹಾಕೋದೇ ಬೇಡ ಅಂತ ಅದರ ತಾತ್ಪರ್ಯ. ಚಾಪ್‌ಮನ್ ಬಂದು ಮಾಡಿದ್ದು ಅದನ್ನೇ. ಜೊತೆಗೆ ಬರುವಾಗಲೇ ಒಂದು ಮಾತು ಸ್ಪಷ್ಟ ಮಾಡಿದ್ದರು. ಗೆಲ್ಲುವ ಟೀಮ್ ಕಟ್ಟೋಕೆ ಐದು ವರ್ಷ ಬೇಕು.

ಆ ವರ್ಷವೇ ಆಫ್‌ಸೈಡ್ ನಿಯಮ ಬದಲಾಯಿತು. ಮುಂದಿರುವ ಆಟಗಾರನಿಗೂ ಗೋಲ್‌ಗೂ ನಡುವೆ ಮೂವರು ಎದುರಾಳಿಗಳು ಇರಬೇಕಿದ್ದದ್ದು ಇಬ್ಬರಿಗೆ ಇಳಿಯಿತು. ಎಲ್ಲ ಟೀಮ್‌ಗಳ ಡಿಫೆನ್ಸ್ ಚಿಂದಿ. ಮೊದಲ ಡಿವಿಜನ್‌ನಲ್ಲಿ ಹಿಂದಿನ ವರ್ಷ 1,192 ಗೋಲ್ ಆಗಿದ್ದರೆ ಈ ವರ್ಷ 1,703. ಅಕ್ಟೋಬರ್ 3ರಂದು ನ್ಯೂಕಾಸಲ್‌ನಲ್ಲಿ ಆರ್ಸೆನಲ್ 7-0 ಸೋತಿತು. ಸಿಸ್ಟಮ್‌ನ ಇನ್‌ಪುಟ್ ಬದಲಾಗಿದೆ, ಹಳೇ ಡಿಸೈನ್ ತಡೀತಿಲ್ಲ. ಹಿರಿಯ ಆಟಗಾರ ಚಾರ್ಲಿ ಬುಕನ್ ಒಂದು ಸಲಹೆ ಕೊಟ್ಟರು. ನಡುವೆ ಆಡುವ ಸೆಂಟರ್ ಹಾಫ್ ಪೂರ್ತಿ ಹಿಂದೆ ಬಂದು ಇಬ್ಬರು ಡಿಫೆಂಡರ್‌ಗಳ ಮಧ್ಯೆ ನಿಲ್ಲಲಿ, ಅವನ ಬದಲು ಮುಂದಿನವನೊಬ್ಬ ನಡುವಿಗೆ ಇಳಿಯಲಿ. ಚಾಪ್‌ಮನ್ ಒಪ್ಪಿದರು. ಎರಡೇ ದಿನದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಮ್ಯಾಚ್. 4-0 ಗೆಲುವು.

ಇದೇ ಮುಂದೆ ಡಬ್ಲ್ಯೂ-ಎಂ ಅಂತ ಪ್ರಸಿದ್ಧವಾದ ರಚನೆ. ಮೈದಾನವನ್ನು ಮೇಲಿಂದ ನೋಡಿದರೆ ಆಟಗಾರರು ಆ ಎರಡು ಇಂಗ್ಲಿಷ್ ಅಕ್ಷರಗಳ ಆಕಾರದಲ್ಲಿ ಕಾಣುತ್ತಾರೆ. ಐಡಿಯಾ ಬುಕನ್‌ದು. ಬೇರೆ ಕ್ಲಬ್‌ಗಳೂ ಇಂಥದ್ದನ್ನು ಪ್ರಯತ್ನಿಸುತ್ತಿದ್ದವು. ಚಾಪ್‌ಮನ್ ಮಾಡಿದ್ದು ಆ ಐಡಿಯಾಗೆ ತಕ್ಕ ಬಿಡಿಭಾಗಗಳನ್ನು ಹುಡುಕುತ್ತಾ ವರ್ಷಗಟ್ಟಲೆ ಕೂತದ್ದು. ಹಿಂದೆ ನಿಲ್ಲೋಕೆ ಹರ್ಬಿ ರಾಬರ್ಟ್ಸ್. ಎಡ ಡಿಫೆನ್ಸ್‌ಗೆ ಸಣ್ಣ ಕ್ಲಬ್ ಕೆಟರಿಂಗ್‌ನಿಂದ ಎಡ್ಡಿ ಹ್ಯಾಪ್‌ಗುಡ್. ಮುಂದೆ ಬೋಲ್ಟನ್‌ನಿಂದ ಡೇವಿಡ್ ಜ್ಯಾಕ್, 1928ರಲ್ಲಿ, 10,890 ಪೌಂಡ್‌ಗೆ. ಹತ್ತು ಸಾವಿರ ದಾಟಿದ ಮೊದಲ ಖರೀದಿ ಅದು. ಬೋಲ್ಟನ್‌ನವರಿಗೆ ಡಬಲ್ ಡ್ರಿಂಕ್ಸ್ ಕೊಡಿಸಿ, ತಾವು ಮದ್ಯವಿಲ್ಲದ ಗ್ಲಾಸ್ ಹಿಡಿದು ಚಾಪ್‌ಮನ್ ಬೆಲೆ ಇಳಿಸಿದರು ಅನ್ನೋ ಕಥೆ ಈಗಲೂ ಓಡಾಡುತ್ತೆ. 1929ರಲ್ಲಿ ಪ್ರೆಸ್ಟನ್‌ನಿಂದ ಅಲೆಕ್ಸ್ ಜೇಮ್ಸ್, ಎಕ್ಸಿಟರ್‌ನಿಂದ ಹದಿನೇಳರ ಹುಡುಗ ಕ್ಲಿಫ್ ಬ್ಯಾಸ್ಟಿನ್.

ಈ ಹುಡುಕಾಟ ನಡೆಯುತ್ತಿದ್ದಾಗ ಫ್ಯಾನ್‌ಗಳ ಸ್ಥಿತಿ ಏನು? ಮೊದಲ ಸೀಸನ್ 1925-26ರಲ್ಲಿ ಆರ್ಸೆನಲ್ ಎರಡನೇ ಸ್ಥಾನಕ್ಕೇರಿತು. ಮೊದಲ ಸ್ಥಾನ ಯಾರದ್ದು? ಹಡರ್ಸ್‌ಫೀಲ್ಡ್‌ನದ್ದು! ಚಾಪ್‌ಮನ್ ಕಟ್ಟಿದ ಟೀಮ್, ಚಾಪ್‌ಮನ್ ಇಲ್ಲದೆ, ಚಾಪ್‌ಮನ್‌ರನ್ನೇ ಹಿಂದೆ ಹಾಕಿ ಸತತ ಮೂರನೇ ಲೀಗ್ ಗೆದ್ದಿತು. ಸರಿ, ಮುಂದಿನ ವರ್ಷ ನಮ್ದೇ ಅಂತ ಲಂಡನ್ನಿನ ಯಾವ ಫ್ಯಾನ್ ತಾನೇ ಅಂದುಕೊಂಡಿರಲ್ಲ? ಮುಂದಿನ ವರ್ಷ 11ನೇ ಸ್ಥಾನ. ಆಮೇಲೆ 10. ಆಮೇಲೆ 9. ನಾಲ್ಕನೇ ಸಲ, 1929-30ರಲ್ಲಿ, 14. 1927ರಲ್ಲಿ ಎಫ್‌ಎ ಕಪ್ ಫೈನಲ್ ತಲುಪಿ ಅಲ್ಲೂ 1-0 ಸೋಲು, ಅದೂ ಕಾರ್ಡಿಫ್ ಸಿಟಿಗೆ. 0.024ರ ಬಾಕಿ ತೀರಿತು ಅಂತ ಕಾರ್ಡಿಫ್‌ನವರು ಅಂದುಕೊಂಡಿದ್ದರೆ ತಪ್ಪಿಲ್ಲ. ಅದೇ ವರ್ಷ ಹಣಕಾಸಿನ ಅಕ್ರಮಕ್ಕಾಗಿ ಚೇರ್ಮನ್ ನಾರಿಸ್ ಅವರನ್ನು ಫುಟ್‌ಬಾಲ್‌ನಿಂದ ಹೊರಗಿಟ್ಟರು.

ಈಗಿನ ಕಾಲದಲ್ಲಾಗಿದ್ದರೆ 11, 10, 9, 14 ಅನ್ನೋ ಸರಣಿ ನೋಡಿ ಯಾವ ಮ್ಯಾನೇಜರ್ ಉಳಿಯುತ್ತಿದ್ದರು ಹೇಳಿ? ಟೇಬಲ್ ಮಾತ್ರ ನೋಡುವವರಿಗೆ ಇದು ಕುಸಿತ. ಟೀಮ್ ಶೀಟ್ ನೋಡುವವರಿಗೆ ಮಾತ್ರ ಪ್ರತಿ ವರ್ಷ ಒಂದೊಂದು ಜಾಗ ಭರ್ತಿಯಾಗುತ್ತಿರುವುದು ಕಾಣುತ್ತಿತ್ತು. ಆದರೂ ನಿಜ ಹೇಳಬೇಕಂದ್ರೆ ಆ ಹೊತ್ತಿನಲ್ಲಿ ನಾವಿದ್ದಿದ್ದರೆ ನಮ್ಮಲ್ಲಿ ಬಹುಪಾಲು ಜನ ಬೈಯುವವರ ಗುಂಪಿನಲ್ಲೇ ಇರುತ್ತಿದ್ದೆವು.

1930ರ ಏಪ್ರಿಲ್ 26. ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಆರ್ಸೆನಲ್ ಎದುರು ಹಡರ್ಸ್‌ಫೀಲ್ಡ್. ತಮ್ಮ ಹಳೇ ಮತ್ತು ಹೊಸ ಮ್ಯಾನೇಜರ್ ಮೇಲಿನ ಗೌರವಕ್ಕೆ ಎರಡೂ ಟೀಮ್‌ಗಳು ಅಕ್ಕಪಕ್ಕ ನಡೆದುಕೊಂಡು ಮೈದಾನಕ್ಕೆ ಬಂದವು. ಮ್ಯಾಚ್ ನಡುವೆ ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ಎಂಬ ಬೃಹತ್ ವಾಯುನೌಕೆ ಸ್ಟೇಡಿಯಂ ಮೇಲೆ ಹಾದುಹೋಯಿತು. ಜೇಮ್ಸ್ ಮತ್ತು ಜ್ಯಾಕ್ ಲ್ಯಾಂಬರ್ಟ್ ಗೋಲ್ ಹೊಡೆದರು. 2-0. ಆರ್ಸೆನಲ್‌ನ ಮೊದಲ ದೊಡ್ಡ ಕಪ್. ಚಾಪ್‌ಮನ್ ಕೇಳಿದ್ದು ಐದು ವರ್ಷ, ತಗೊಂಡದ್ದು ಐದು ವರ್ಷ.

ಮುಂದಿನ ಸೀಸನ್ 1930-31ರಲ್ಲಿ ಲೀಗ್. 42 ಮ್ಯಾಚ್‌ಗಳಲ್ಲಿ ಸೋತದ್ದು ನಾಲ್ಕು, 127 ಗೋಲ್, 66 ಪಾಯಿಂಟ್. ಆಗ ಅದು ದಾಖಲೆ. ದಕ್ಷಿಣ ಇಂಗ್ಲೆಂಡಿಗೆ ಲೀಗ್ ಬಂದದ್ದು ಅದೇ ಮೊದಲು. ಎರಡನೇ ಸ್ಥಾನದ ಆಸ್ಟನ್ ವಿಲ್ಲಾ 128 ಗೋಲ್ ಹೊಡೆದಿತ್ತು, ಆರ್ಸೆನಲ್‌ಗಿಂತ ಒಂದು ಹೆಚ್ಚು, ಆದರೂ ಏಳು ಪಾಯಿಂಟ್ ಹಿಂದೆ. 1931-32ರಲ್ಲಿ ಮತ್ತೆ ಎರಡನೇ ಸ್ಥಾನ, ಎವರ್ಟನ್ ಗೆದ್ದಿತು. 1932-33ರಲ್ಲಿ ಮತ್ತೆ ಆರ್ಸೆನಲ್.

ಮೈದಾನಕ್ಕೆ ಬರುವ ಜನರ ಬಗ್ಗೆ ಚಾಪ್‌ಮನ್ ಯೋಚಿಸಿದಷ್ಟು ಆ ಕಾಲದಲ್ಲಿ ಕಡಿಮೆ ಜನ ಯೋಚಿಸಿದ್ದರು. ದೂರದ ಮೆಟ್ಟಿಲ ಮೇಲೆ ನಿಂತವನಿಗೆ ಯಾರು ಯಾರು ಅಂತ ಗೊತ್ತಾಗಲಿ ಅಂತ 1928ರಲ್ಲೇ ಜೆರ್ಸಿ ಬೆನ್ನ ಮೇಲೆ ನಂಬರ್ ಹಾಕಿಸಿದರು. ಲೀಗ್ ಅದನ್ನು ಕಡ್ಡಾಯ ಮಾಡಿದ್ದು 1939ರಲ್ಲಿ. ಬೆಲ್ಜಿಯಂನಲ್ಲಿ ದೀಪದ ಬೆಳಕಿನ ಮ್ಯಾಚ್ ನೋಡಿ ಬಂದು ಹೈಬರಿ ಸ್ಟೇಡಿಯಂಗೆ ಫ್ಲಡ್‌ಲೈಟ್ ಹಾಕಿಸಿದರು. ಅಧಿಕೃತ ಮ್ಯಾಚ್‌ಗೆ ಅನುಮತಿ ಸಿಗಲಿಲ್ಲ, ಅದು ಸಿಕ್ಕಿದ್ದು 1950ರ ದಶಕದಲ್ಲಿ. 45 ನಿಮಿಷ ತೋರಿಸುವ ದೊಡ್ಡ ಗಡಿಯಾರ ಇಟ್ಟರೆ ಅದಕ್ಕೂ ತಕರಾರು, ಕೊನೆಗೆ ಮಾಮೂಲಿ ಗಡಿಯಾರ ಮಾಡಬೇಕಾಯಿತು. ಸ್ಟೇಡಿಯಂ ಪಕ್ಕದ ಗಿಲೆಸ್ಪಿ ರೋಡ್ ಮೆಟ್ರೋ ನಿಲ್ದಾಣದ ಹೆಸರನ್ನೇ ಆರ್ಸೆನಲ್ ಅಂತ ಬದಲಿಸಿ ಅಂತ ಬೆನ್ನುಬಿದ್ದರು. 1932ರ ಅಕ್ಟೋಬರ್ 31ರಂದು ಬದಲಾಯಿತು, ಇವತ್ತಿಗೂ ಅದೇ ಹೆಸರು. ಕೆಂಪು ಜೆರ್ಸಿಗೆ ಬಿಳಿ ತೋಳು ಬಂದದ್ದೂ ಅವರ ಕಾಲದಲ್ಲೇ, 1933ರಲ್ಲಿ. ನಿಮ್ಮ ರೂಮ್‌ಮೇಟ್ ಹಾಕಿಕೊಂಡು ಓಡಾಡೋದು ಅದೇ ಡಿಸೈನ್.

ಹಾಗಂತ ಅವರು ಸಾಧು ಅಲ್ಲ. 1933ರ ಜನವರಿಯಲ್ಲಿ ಫ್ಲೂ ಮತ್ತು ಗಾಯಗಳಿಂದ ಸೊರಗಿದ್ದ ಟೀಮ್ ಎಫ್‌ಎ ಕಪ್‌ನಲ್ಲಿ ಮೂರನೇ ಡಿವಿಜನ್‌ನ ವಾಲ್ಸಲ್‌ಗೆ 2-0 ಸೋತಿತು. ಆ ಮ್ಯಾಚ್‌ನಲ್ಲಿ ಪೆನಾಲ್ಟಿ ಬಿಟ್ಟುಕೊಟ್ಟ ಟಾಮಿ ಬ್ಲ್ಯಾಕ್ ಎಂಬ ಎಳೆಯ ಆಟಗಾರನನ್ನು ವಾರದೊಳಗೆ ಪ್ಲಿಮತ್‌ಗೆ ಮಾರಿಬಿಟ್ಟರು. ತನಗೆ ಐದು ವರ್ಷ ಕೇಳಿ ಪಡೆದ ಮನುಷ್ಯ ಆ ಹುಡುಗನಿಗೆ ಒಂದು ಮ್ಯಾಚ್‌ಗಿಂತ ಹೆಚ್ಚು ಕೊಡಲಿಲ್ಲ. ದೊಡ್ಡವರ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತೆ.

1933ರ ಡಿಸೆಂಬರ್ ಮುಗಿದಾಗ ಆರ್ಸೆನಲ್ ಮತ್ತೆ ಟೇಬಲ್‌ನ ತುದಿಯಲ್ಲಿತ್ತು. ಹೊಸ ವರ್ಷದ ದಿನ ಚಾಪ್‌ಮನ್ ಬರಿ ಎಂಬ ಊರಿಗೆ ಒಂದು ಮ್ಯಾಚ್ ನೋಡಲು ಹೋದರು. ಮರುದಿನ ಮುಂದಿನ ಎದುರಾಳಿ ಶೆಫೀಲ್ಡ್ ವೆಡ್ನೆಸ್‌ಡೇ ಆಟ ನೋಡಲು ಹೋದರು. ಶೀತ ಹಿಡಿದಿತ್ತು. ಆದರೂ ಅದರ ಮರುದಿನ ತಮ್ಮದೇ ಕ್ಲಬ್ಬಿನ ಮೂರನೇ ದರ್ಜೆ ಟೀಮ್ ಆಡುತ್ತಿದ್ದ ಗಿಲ್‌ಫರ್ಡ್‌ಗೂ ಹೋದರು. ಶೀತ ನ್ಯುಮೋನಿಯಾಕ್ಕೆ ತಿರುಗಿತು. ಪೆನ್ಸಿಲಿನ್ ಇನ್ನೂ ಔಷಧಿಯಾಗಿ ಬಂದಿರದ ಕಾಲ. 1934ರ ಜನವರಿ 6ರ ಬೆಳಗಿನ ಜಾವ ಲಂಡನ್ನಿನ ಹೆಂಡನ್‌ನ ಮನೆಯಲ್ಲಿ ತೀರಿಕೊಂಡರು. ಐವತ್ತಾರು ತುಂಬೋಕೆ ಹದಿಮೂರು ದಿನ ಬಾಕಿ ಇತ್ತು.

ಅವತ್ತು ಶನಿವಾರ. ಹೈಬರಿಯಲ್ಲಿ ಮ್ಯಾಚ್ ಇತ್ತು, ಅವರು ನೋಡಿಬಂದಿದ್ದ ಅದೇ ಶೆಫೀಲ್ಡ್ ವೆಡ್ನೆಸ್‌ಡೇ ವಿರುದ್ಧ. ಆಡಿದರು. 1-1.

ಆ ಸೀಸನ್ ಏನಾಯಿತು? ಉಳಿದ ತಿಂಗಳುಗಳು ಜೋ ಶಾ ಟೀಮ್ ನೋಡಿಕೊಂಡರು. ಆರ್ಸೆನಲ್ 59 ಪಾಯಿಂಟ್‌ನೊಂದಿಗೆ ಲೀಗ್ ಗೆದ್ದಿತು. ಎರಡನೇ ಸ್ಥಾನ ಹಡರ್ಸ್‌ಫೀಲ್ಡ್, 56. ಮುಂದಿನ ವರ್ಷ ಜಾರ್ಜ್ ಆಲಿಸನ್ ಮ್ಯಾನೇಜರ್, 1934-35ರಲ್ಲೂ ಆರ್ಸೆನಲ್. ಸತತ ಮೂರು.

ಲೆಕ್ಕ ಹಾಕಿ ನೋಡಿ. ಆವರೆಗೆ ಇಂಗ್ಲೆಂಡಿನಲ್ಲಿ ಸತತ ಮೂರು ಲೀಗ್ ಗೆದ್ದ ಕ್ಲಬ್‌ಗಳು ಎರಡೇ, ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್. ಎರಡನ್ನೂ ಕಟ್ಟಿದವರು ಒಬ್ಬರೇ. ಎರಡು ಕಡೆಯೂ ಮೂರನೇ ಲೀಗ್ ಬಂದಾಗ ಅವರು ಅಲ್ಲಿರಲಿಲ್ಲ. ಒಂದು ಸಲ ಎದುರಾಳಿ ಬೆಂಚಿನಲ್ಲಿದ್ದರು, ಇನ್ನೊಂದು ಸಲ ಹೆಂಡನ್‌ನ ಚರ್ಚಿನ ಸಮಾಧಿಯಲ್ಲಿ. ಚಾಪ್‌ಮನ್ ಆರ್ಸೆನಲ್‌ನಲ್ಲಿ ಗೆದ್ದ ಲೀಗ್‌ಗಳು ದಾಖಲೆಯಲ್ಲಿ ಎರಡು. ಅವರು ಕಟ್ಟಿದ್ದು ಅವರಿಲ್ಲದೆಯೂ ಗೆದ್ದಿತಲ್ಲ, ನನಗೆ ಆ ಲೀಗ್‌ಗಳೇ ದೊಡ್ಡವು ಅನಿಸುತ್ತೆ.

ಹಾಗಾದರೆ ಮುಂದಿನ ಸಲ ಮೆಸ್‌ನಲ್ಲಿ ಈ ಚರ್ಚೆ ಎದ್ದಾಗ ಏನು ಮಾಡೋದು? ಚಾಪ್‌ಮನ್ ಕಥೆ ಎರಡೂ ಗುಂಪಿಗೆ ಅಸ್ತ್ರ ಕೊಡುತ್ತೆ. ಟೈಮ್ ಕೊಡಿ ಅನ್ನುವವರು 11, 10, 9, 14 ತೋರಿಸಲಿ. ಆದರೆ ಆ ನಾಲ್ಕು ವರ್ಷದಲ್ಲಿ ಚಾಪ್‌ಮನ್ ಯಾವ್ಯಾವ ಜಾಗ ತುಂಬಿದರು ಅಂತ ಹೆಸರು ಹಿಡಿದು ಹೇಳಬಹುದು, ನಿಮ್ಮ ಮ್ಯಾನೇಜರ್ ಬಗ್ಗೆ ಹಾಗೆ ಹೇಳೋಕಾಗುತ್ತಾ ಅಂತ ಇನ್ನೊಂದು ಗುಂಪು ಕೇಳಲಿ. ಉತ್ತರ ಇದ್ದರೆ ಕಾಯಬಹುದು. ಇಲ್ಲದಿದ್ದರೆ ಅದು ಕಾಯೋದಲ್ಲ, ಬರೀ ವರ್ಷ ಕಳೆಯೋದು. ಎರಡೂ ಗುಂಪು ಸುಸ್ತಾದ ಮೇಲೆ ಯಾರಾದರೂ ಒಬ್ಬರು 0.024 ನೆನಪಿಸಿ ದೀಪ ಆರಿಸಿ. ಬೆಳಿಗ್ಗೆ ಎಂಟಕ್ಕೆ ಕ್ಲಾಸ್ ಇದೆ.